ಸೂಚಿ

ಮಲಯಾಳದಲ್ಲಿ ಸೂಜಿಗೆ ಸೂಚಿ ಅನ್ನುತ್ತಾರೆ.
ಮೊಲೆಗೆ ಮುಲ. ಗಂಟಿಗೆ ಮುೞ.
ನನ್ನ ಕನ್ನಡ ನಾಲಗೆಗೆ ಆ ೞ ಹೊರಳದು;
ಯಾವುದನ್ನು ಅಂದೆನೆಂದು ಪ್ರಸೀತಾ ಡಾಕ್ಟರು
ನನ್ನ ಮುಖ ನೋಡಿ ತಿಳಿದುಕೊಳ್ಳುತ್ತಾರೆ.
ಅವರು ತ್ರಿಶೂರಿನವರು, ಕನ್ನಡ ಬಾರದು.
ವಾರಿಜಕ್ಕ ಪೈವಳಿಕೆಯವರು,
ಮಲಯಾಳ ಬಸ್ಸಿಗೆ ಬೇಕಾದಷ್ಟು.
ಕಾಸರಗೋಡಿನ ಆಸ್ಪತ್ರೆಯಲ್ಲಿ ನಾನು ನಡುವೆ,
ಗಾಜಿನ ಪಟ್ಟಿಗಳ ಪೆಟ್ಟಿಗೆ ಹಿಡಿದುಕೊಂಡು.
ಸಂಬಳ ಸ್ಲೈಡು ಎಳೆಯುವುದಕ್ಕೆ;
ಮಾತು ದಾಟಿಸುವುದು ಪುಕ್ಕಟೆ.

ಯಾವಾಗ ಗೊತ್ತಾಯಿತು ಅಂತ ಕೇಳಿದೆ.
"ಬೀಡಿ ಕಟ್ಟುವವಳಲ್ವಾ ನಾನು.
ಹೊಗೆಸೊಪ್ಪಿನಲ್ಲಿ ಒಂದು ಕಡ್ಡಿ ಉಳಿದ್ರೆ
ಸುರುಟುವಾಗಲೇ ಬೆರಳು ಹೇಳ್ತದೆ.
ಹಾಗೇ ಹೇಳಿತು, ಸಾಬೂನು ಹಚ್ಚುವಾಗ.
ನಾನು ಕೇಳಿಸಿಕೊಳ್ಳಲಿಲ್ಲ ಮೂರು ತಿಂಗಳು.
ಮಗಳ ಬಾಣಂತನ ಇತ್ತು."

ಡಾಕ್ಟರಿಗೆ ನಾನು ಹೇಳಿದ್ದು: ಮೂರು ತಿಂಗಳು.
ಕಡ್ಡಿ, ಸಾಬೂನು, ಬಾಣಂತನ ನನ್ನಲ್ಲೇ ಉಳಿದವು.
ಚಿಲ್ಲರೆ ಹೀಗೇ ಸೇರುವುದು,
ಕಂಡಕ್ಟರನ ಚೀಲದ ಹಾಗೆ ಸಂಜೆಗೆ ಭಾರ.

ಒಪ್ಪಿಗೆ ಪತ್ರ ಮಲಯಾಳದಲ್ಲಿ. ಓದಿ ಹೇಳಿದೆ.
ಅವರು ಕನ್ನಡದಲ್ಲಿ ರುಜು ಹಾಕಿದರು,
ಒತ್ತಕ್ಷರವಿಲ್ಲದ ಹೆಸರು, ಬಿಡಿಬಿಡಿಯಾಗಿ:
ವಾ ರಿ ಜ

ಎಡಕ್ಕೆ, ಮೇಲೆ, ಕಂಕುಳ ದಿಕ್ಕಿಗೆ.
ಡಾಕ್ಟರ ಎರಡು ಬೆರಳು ಅದನ್ನು ಹುಡುಕಿ ನಿಲ್ಲಿಸಿದವು.
ಜಾರಿ ಓಡುವ ಗಂಟಾದರೆ ಒಳ್ಳೆಯದೆಂದು
ನಮ್ಮೊಳಗೊಂದು ಬಾಯಿಬಿಡದ ಲೆಕ್ಕ;
ಇದು ಓಡಲೂ ಇಲ್ಲ, ಬೇರೂರಿ ಕೂತಿರಲೂ ಇಲ್ಲ.
"ಉಸಿರು ಬಿಗಿ ಹಿಡೀಬೇಡಿ" ಅಂದೆ.
ಹಿಡಿದದ್ದು ನಾನು.

ರಕ್ತ ತೆಗೆಯುವ ಸೂಜಿಗಿಂತಲೂ ತೆಳು.
ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ,
ಬಾವಿಯ ತಳದಲ್ಲಿ ಕೊಡ ತಡಕುವ
ಪಾತಾಳಗರಡಿಯ ಹಾಗೆ;
ಎಳೆಯುವುದು ಸಿರಿಂಜಿನೊಳಗಿನ ಖಾಲಿ.
ವಾರಿಜಕ್ಕ ಫ್ಯಾನು ನೋಡುತ್ತಿದ್ದರು.
ಅದರ ಒಂದು ರೆಕ್ಕೆಗೆ ಮಾತ್ರ ಯಾರೋ ಬಣ್ಣ ಹೊಡೆದಿದ್ದರು.
"ಇಷ್ಟೇಯಾ?"
"ಇಷ್ಟೇ."
"ಹೊಲಿಗೆ ಇಲ್ವಾ?"
"ಇಲ್ಲ."
ತುಸು ನಿರಾಸೆಯಾಯಿತೋ ಏನೋ,
ಉಪ್ಪಳದಲ್ಲಿ ಬಸ್ಸು ಬದಲಿಸಿ ಬಂದದ್ದು
ಇಷ್ಟು ಸಣ್ಣ ತೂತಿಗೆ.

ತುದಿಯಿಂದ ಗಾಜಿಗೆ ಒಂದು ಹನಿ.
ಗಾಜಿನ ಮೇಲೆ ಗಾಜು ಎಳೆದೆ, ಮೆತ್ತಗೆ:
ಜೋರಾದರೆ ಕೋಶ ಒಡೆಯುತ್ತದೆ, ತಡವಾದರೆ ಒಣಗುತ್ತದೆ.
ಒಂದು ಸ್ಪಿರಿಟಿಗೆ, ಒಂದು ಗಾಳಿಗೆ.
ನಂಬರು ಪೆನ್ಸಿಲಿನಲ್ಲಿ. ಶಾಯಿಯಾದರೆ ತೊಳೆದುಹೋಗುತ್ತದೆ.

"ಬ್ರಾಂಚಿನಲ್ಲೂ ಹೀಗೇ," ರವಕೆಯ ಹುಕ್ಕು ಹಾಕುತ್ತಾ ಅಂದರು,
"ಸಾವಿರ ಕಟ್ಟಿ ಕೊಂಡುಹೋದ್ರೆ
ಅವ ಒಂದು ಕಟ್ಟು ಬಿಚ್ಚಿ ನಾಲ್ಕು ಬೀಡಿ ಹಿಸುಕಿ ನೋಡ್ತಾನೆ.
ಆ ನಾಲ್ಕರ ಮೇಲೆ ಇಡೀ ವಾರದ್ದು."
ಇದನ್ನು ಪೂರ್ತಿ ದಾಟಿಸಿದೆ, ಚಿಲ್ಲರೆ ಸಮೇತ.
ಡಾಕ್ಟರು ಗ್ಲೌಸು ಕಳಚುವುದನ್ನು ನಿಲ್ಲಿಸಿ
"ಶರಿಯಾ" ಎಂದರು.

ಮಧ್ಯಾಹ್ನ, ಮೈಕ್ರೋಸ್ಕೋಪಿನ ಕೆಳಗೆ ನೀಲಿ ಬಯಲು.
ರಕ್ತದ ಕಣ, ಕೊಬ್ಬಿನ ಖಾಲಿ ಗುಳ್ಳೆ,
ಒಂದು ಮೂಲೆಯಲ್ಲಿ ಆರೋ ಏಳೋ ಕೋಶ,
ಮದುವೆ ಚಪ್ಪರಕ್ಕೆ ಬೇಗ ಬಂದು
ಯಾವ ಕಡೆಯವರೆಂದು ಹೇಳದೆ ನಿಂತವರ ಹಾಗೆ.
ಒಳ್ಳೆಯವೆನ್ನಲು ಸಾಲದು.
ಕೆಟ್ಟವೆನ್ನಲೂ ಸಾಲದು.
ನಮ್ಮಲ್ಲಿ ಸೂಚಿ ಅಂದರೆ ಪುಸ್ತಕದ ಕೊನೆಯ ಪಟ್ಟಿ,
ಯಾವುದು ಎಲ್ಲಿದೆಯೆಂದು ತೋರಿಸುವಂಥದು.
ಈ ಸೂಚಿಗೆ ಪುಟಸಂಖ್ಯೆ ಇರಲಿಲ್ಲ.
ಡಾಕ್ಟರು ಬಹಳ ಹೊತ್ತು ನೋಡಿ, ನನಗೂ ತೋರಿಸಿ, ಬರೆದರು:
ಮಾದರಿ ಸಾಕಾಗಿಲ್ಲ. ಮತ್ತೊಮ್ಮೆ.

ಫೋನು ಮಾಡುವುದೂ ನನ್ನದೇ ಕೆಲಸ.
ಸಾಕು ಅಂದರೆ ಹೊಟ್ಟೆ ತುಂಬಿದ್ದು,
ಸಾಕಾಯಿತು ಅಂದರೆ ಸುಸ್ತು,
ಸಾಕಾಗಿಲ್ಲ ಅನ್ನುವುದನ್ನು
ಯಾವ ದನಿಯಲ್ಲಿ ಹೇಳುವುದು?
ಆ ಕಡೆ ಎಲೆ ಕತ್ತರಿಸುವ ಸದ್ದು, ಮಗುವಿನ ಅಳು.
"ಎಂತ, ಕೆಟ್ಟದಾ?"
"ಗೊತ್ತಿಲ್ಲ ವಾರಿಜಕ್ಕ. ಸಿಕ್ಕಿದ್ದು ಕಮ್ಮಿ."
ಕತ್ತರಿ ನಿಂತಿತು.
"ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಫೋನು ಮಾಡಿದ್ದಾ?"
"ಹೌದು. ಇನ್ನೊಮ್ಮೆ ಬರಬೇಕು."
ಮಗು ಅತ್ತು ಅತ್ತು ಸುಮ್ಮನಾಗುವಷ್ಟು ಹೊತ್ತು.
"ಬುಧವಾರ ಬ್ರಾಂಚು. ಗುರುವಾರ ಆಗ್ತದಾ?"
"ಆಗ್ತದೆ."
"ಸೂಜಿ ಅದೇಯಾ?"
"ಅಲ್ಲ, ಹೊಸತು."